ಜೊತೆಗೆ ಬಂದವರು

ಡಾಕ್ಟರ್ ಗಿರಿಧರ ಅವರ ಕ್ಲಿನಿಕ್ಕಿನಲ್ಲಿ ರೋಗಿಗಿಂತ ಹೆಚ್ಚು ಮಾತನಾಡುವವರು ರೋಗಿಯ ಜೊತೆಗೆ ಬಂದವರು. ಹೊಟ್ಟೆನೋವು ಗಂಡನದಾದರೆ ಅದು ಎಲ್ಲಿ ಶುರುವಾಗಿ ಎಲ್ಲಿಗೆ ಹೋಗುತ್ತದೆ ಎನ್ನುವುದು ಹೆಂಡತಿಗೆ ಗೊತ್ತು. ಸೊಸೆಯ ತಲೆನೋವನ್ನು ಅತ್ತೆ ಹೇಳಬೇಕು, ಮುದುಕರ ಮಂಡಿನೋವನ್ನು ಮಗ. ರೋಗಿಯಾದವರು ಸ್ಟೂಲಿನ ಮೇಲೆ ಕೂತು, ಬೇರೆ ಯಾರದೋ ವಿಷಯ ನಡೆಯುತ್ತಿದೆ ಎನ್ನುವ ಹಾಗೆ ಗೋಡೆಯ ಕ್ಯಾಲೆಂಡರ್ ನೋಡುತ್ತಿರುತ್ತಾರೆ. ಹೊಳೆನರಸೀಪುರದಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಒಬ್ಬರೇ ಬಂದವರನ್ನು ಕಂಡರೆ ಬೆಂಚಿನ ಮೇಲಿನವರು ‘ಪಾಪ, ಯಾರೂ ಇಲ್ಲವೇನೋ’ ಎಂದು ಮರುಗುತ್ತಾರೆ.

ನಾನು ಬಾಗಿಲ ಬಳಿಯ ಮೇಜಿನಲ್ಲಿ ಕೂರುತ್ತಿದ್ದೆ. ಹೆಸರು ಬರೆದುಕೊಳ್ಳುವುದು, ತೂಕ ನೋಡುವುದು, ಇಸಿಜಿ ತೆಗೆಯುವಾಗ ಹೆಂಗಸರ ಬಳಿ ನಿಲ್ಲುವುದು ನನ್ನ ಕೆಲಸ. ಮೊದಲ ಕೆಲವು ವರ್ಷ ಹಗಲು ಕ್ಲಿನಿಕ್ಕು, ಸಂಜೆ ಹಾಸನದಲ್ಲಿ ಕಾಲೇಜು, ಹೀಗೆ ಬಿ.ಎ. ಮುಗಿಸಿದ್ದೆ. ಡಾಕ್ಟರಿಗೆ ಅದರ ಮೇಲೆ ನನಗಿಂತ ಹೆಚ್ಚು ನಂಬಿಕೆ. ಹಾಗಾಗಿ 2007ರಲ್ಲಿ ಶಾಲೆಗಳು ಶುರುವಾಗುವ ಹೊತ್ತಿಗೆ ಮೈಸೂರಿನ ಯಾವುದೋ ಡಾಕ್ಟರುಗಳ ಸಭೆಯಿಂದ ಬಂದವರು ಇಂಗ್ಲಿಷಿನ ಒಂದು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟರು.

“ಎದೆ ಬಡಿತ ಅಂತ ಬರ್ತಾರಲ್ಲ ಹಂಸ, ಇಸಿಜಿ ಚೆನ್ನಾಗೇ ಇರುತ್ತೆ. ಅಂಥವರಿಗೆ ಇದು. ಏಳೇ ಪ್ರಶ್ನೆ. ಅವರೇ ಓದಿ ಅವರೇ ಗುರುತು ಹಾಕಬೇಕು. ಕನ್ನಡ ಮಾಡಿಕೊಡು.”

‘ಆಂಗ್ಸೈಟಿ’ಗೆ ನಿಘಂಟಿನಲ್ಲಿ ‘ಆತಂಕ’ ಎಂದಿತ್ತು. ಅದು ಪತ್ರಿಕೆಯಲ್ಲಿ ಬರುವ ಮಾತು. ನಮ್ಮಲ್ಲಿ ಪೇಟೆಯವರು ‘ಟೆನ್ಷನ್’ ಅನ್ನುತ್ತಾರೆ, ಹಳ್ಳಿಯವರು ‘ದಿಗಿಲು’, ‘ಗಾಬರಿ’ ಅನ್ನುತ್ತಾರೆ. ಹಳ್ಳಿಯವರ ಎರಡು ಮಾತನ್ನೂ ಬರೆದೆ. ‘ಕಳೆದ ಎರಡು ವಾರಗಳಲ್ಲಿ’ ಎಂದು ಬರೆದು, ಓದಲು ಬಾರದವರಿಗೆ ‘ಎರಡು ಸಂತೆಯಿಂದ ಈಚೆಗೆ’ ಎಂದು ಹೇಳಬೇಕೆಂದು ಪಕ್ಕದಲ್ಲಿ ಗುರುತು ಮಾಡಿಕೊಂಡೆ. ಇಲ್ಲವೇ ಇಲ್ಲ, ಕೆಲವು ದಿನ, ಅರ್ಧಕ್ಕಿಂತ ಹೆಚ್ಚು ದಿನ, ಹೆಚ್ಚುಕಡಿಮೆ ದಿನವೂ: ಪ್ರತಿ ಪ್ರಶ್ನೆಗೂ ಈ ನಾಲ್ಕು ಉತ್ತರ, ಸೊನ್ನೆಯಿಂದ ಮೂರರವರೆಗೆ ಅಂಕ. ನನ್ನ ಕನ್ನಡ ಯಾರಿಗಾದರೂ ಅರ್ಥವಾಗುತ್ತದೋ ಇಲ್ಲವೋ ಎಂಬ ಅನುಮಾನದಲ್ಲಿ ಒಂದು ಪ್ರತಿಯನ್ನು ನಾನೇ ತುಂಬಿ ನೋಡಿದೆ. ಅದು ಡಾಕ್ಟರ ಕೈಗೆ ಹೋಯಿತು.

“ಇದು ಯಾರದು?”

“ಸುಮ್ಮನೆ ಸರ್. ಸರಿಯಾಗಿ ಬರುತ್ತಾ ಅಂತ ನೋಡೋಕೆ.”

“ಸುಮ್ಮನೆ ಇಪ್ಪತ್ತೊಂದಕ್ಕೆ ಹನ್ನೆರಡು ಬಂತಾ?” ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. “ಇದು ಜರಡಿ ಇದ್ದ ಹಾಗೆ ಹಂಸ. ಕಾಯಿಲೆ ಇದೆ ಅಂತ ಹೇಳಲ್ಲ. ಯಾರ ಹತ್ತಿರ ಇನ್ನೊಂದಷ್ಟು ಹೊತ್ತು ಕೂತು ಮಾತಾಡಬೇಕು ಅಂತ ತೋರಿಸುತ್ತೆ, ಅಷ್ಟೇ.”

ಆ ಮಾತನ್ನು ನಾನು ಮನಸ್ಸಿಟ್ಟು ಕೇಳಿಸಿಕೊಂಡಿದ್ದೆ. ಆದರೆ ಸಂಜೆಯ ಹೊತ್ತು ಬೆಂಚು ತುಂಬಿ ಜನ ಮೆಟ್ಟಿಲ ಮೇಲೆ ಕೂತಿರುವಾಗ ಯಾರ ಹತ್ತಿರವೂ ಇನ್ನೊಂದಷ್ಟು ಹೊತ್ತು ಕೂರಲು ಡಾಕ್ಟರಿಗೆ ಆಗುತ್ತಿರಲಿಲ್ಲ.

ಅಂಥ ಒಂದು ಸಂಜೆ ಹಳೇಕೋಟೆಯಿಂದ ನಂಜಮ್ಮ ತಮ್ಮ ಸೊಸೆ ಅನುಶ್ರೀಯನ್ನು ಕರೆದುಕೊಂಡು ಬಂದರು. ಅನುಶ್ರೀ ಚನ್ನರಾಯಪಟ್ಟಣದ ಒಂದು ಖಾಸಗಿ ಶಾಲೆಯಲ್ಲಿ ಆ ವರ್ಷವಷ್ಟೇ ಗಣಿತದ ಮಿಸ್ ಆಗಿ ಸೇರಿದ್ದಳು. ಬೆಳಿಗ್ಗೆ ಹಳೇಕೋಟೆಯಿಂದ ಒಂದು ಬಸ್ಸು, ಇಲ್ಲಿಂದ ಇನ್ನೊಂದು. ಹಿಂದಿನ ದಿನ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ಕತ್ತಲಿಟ್ಟು ಕೂತುಬಿಟ್ಟಿದ್ದಳಂತೆ.

“ಇವ್ಳ್ಗೆ ಎದೆ ಬಡ್ಕತದೆ ಕಣವ್ವ. ಆರ್ಟೇ ಇರ್ಬೇಕು,” ಎಂದರು ನಂಜಮ್ಮ. ಅರಿಸಿನ ಕುಂಕುಮದ ದೊಡ್ಡ ಮುಖ, ದನಿ ಮೆಟ್ಟಿಲವರೆಗೂ ಕೇಳುವಂಥದ್ದು. ಸೆರಗಿನ ಮರೆಯಲ್ಲಿ ಒಂದು ನೋಕಿಯಾ ಮೊಬೈಲನ್ನು ಹಕ್ಕಿಮರಿಯನ್ನು ಹಿಡಿದ ಹಾಗೆ ಹಿಡಿದಿದ್ದರು.

“ಬೆಳಿಗ್ಗೆ ತಿಂಡಿ ತಿಂದಿರಲಿಲ್ಲ ಅಷ್ಟೇ,” ಎಂದಳು ಅನುಶ್ರೀ.

“ಸುಮ್ಕಿರು, ನಿಂಗೇನ್ ಗೊತ್ತಾಯ್ತದೆ.”

ಇಸಿಜಿ ಸರಿಯಾಗಿತ್ತು. ರಕ್ತ ಮಾತ್ರ ಕಡಿಮೆ. ಡಾಕ್ಟರು ನನಗೆ ಕಣ್ಸನ್ನೆ ಮಾಡಿದರು. ನಾನು ಹಾಳೆಯನ್ನು ರಟ್ಟಿಗೆ ಸಿಕ್ಕಿಸಿ ಅನುಶ್ರೀಯ ಕೈಗೆ ಪೆನ್ನಿನ ಜೊತೆ ಕೊಟ್ಟೆ. ಓದು ಬಲ್ಲ ಹೆಣ್ಣುಮಗಳು, ಇವಳಿಗೆ ನನ್ನ ಸಹಾಯ ಬೇಡ ಎಂದು ನೆಮ್ಮದಿಯಾಗಿ ಮುಂದಿನವರ ತೂಕ ನೋಡಲು ತಿರುಗಿದೆ. ನಂಜಮ್ಮನ ದನಿ ಹಿಂದಿನಿಂದ ಕೇಳಿಸುತ್ತಿತ್ತು.

“ಏನಂತೆ ಅದು? ಓದು, ಯೋಳ್ತೀನಿ.”

ಅನುಶ್ರೀ ಮೊದಲ ಪ್ರಶ್ನೆಯನ್ನು ತರಗತಿಯಲ್ಲಿ ಓದುವಂತೆ ಓದಿದಳು. ದಿಗಿಲು, ಗಾಬರಿ ಆಗುತ್ತದೆಯೇ?

“ದಿನಾಲೂವೆ. ಬೆಳಿಗ್ಗೆ ಆ ಬಸ್ಸು ಒಂಟಿತೋ, ಶುರು.”

ಅನುಶ್ರೀ ನಗುತ್ತ ಗುರುತು ಹಾಕಿದಳು. ಚಿಂತೆಯನ್ನು ನಿಲ್ಲಿಸಲು ಆಗುವುದಿಲ್ಲವೇ?

“ನಿಲ್ಸಕಾಯ್ತದಾ? ಎಸ್ರಂಗೆ, ಉರಿ ತೆಗುದ್ರೂ ಕುದೀತಾನೇ ಇರ್ತದೆ.”

ಒಂದು ಕಡೆ ಕೂರಲು ಆಗುವುದಿಲ್ಲವೇ?

“ಒಳಿಕ್ಕೋಗದು, ಈಚಿಕ್ ಬರದು. ಜಗ್ಲಿ ಸವ್ದೋಗದೆ.”

“ಅತ್ತೆ, ಸಿಡಿಸಿಡಿ ಅನ್ನೋದು ಅಂತ ಇದೆ.”

“ಲೋಟ ಕುಕ್ಕದೇ ಕುಕ್ಕದು. ಕೇಳು, ನಿಮ್ಮಾವನ್ನ.”

ಬೆಂಚಿನವರೆಲ್ಲ ನಕ್ಕರು. ಕೊನೆಯ ಪ್ರಶ್ನೆ, ಏನೋ ಕೆಟ್ಟದ್ದು ಆಗಿಬಿಡುತ್ತದೆ ಎಂಬ ಭಯ, ಅದನ್ನು ಓದಿದಾಗ ಮಾತ್ರ ನಂಜಮ್ಮನ ದನಿ ಇಳಿಯಿತು. “ಅದ್ನ್ಯಾಕೆ ಬಾಯ್ಬುಟ್ಟು ಓದೀಯೆ. ಊಂ. ಆಯ್ತದೆ. ದಿನಾ.”

ಅನುಶ್ರೀಯ ಹಾಳೆಯಲ್ಲಿ ಹದಿನೆಂಟು ಬಂದಿತು. ಗುರುತುಗಳೆಲ್ಲ ಅವಳ ಕೈಯವೇ, ಅಚ್ಚುಕಟ್ಟಾಗಿದ್ದವು. ಒಳಗೆ ಡಾಕ್ಟರು ನಿದ್ದೆ ಬರುತ್ತದೆಯೇ ಎಂದು ಕೇಳಿದ್ದಕ್ಕೂ “ಎಲ್ ಬತ್ತದೆ ಸಾ” ಎಂದವರು ನಂಜಮ್ಮನೇ. ಕಬ್ಬಿಣದ ಮಾತ್ರೆಯ ಜೊತೆ ರಾತ್ರಿಗೆ ಇನ್ನೊಂದು ಸಣ್ಣ ಮಾತ್ರೆ ಬರೆದು, ಸ್ವಲ್ಪ ದಿನ ಆಯಾಸ ಮಾಡಿಕೊಳ್ಳಬೇಡಿ ಎಂದು ಕಳಿಸಿದರು.

ಮುಂದಿನ ವಾರ ಅನುಶ್ರೀ ಒಬ್ಬಳೇ ಬಂದಳು. ಬೆಳಿಗ್ಗೆ, ಎರಡು ಬಸ್ಸುಗಳ ನಡುವಿನ ಹೊತ್ತು. ಕ್ಲಿನಿಕ್ಕಿನ ಬಾಗಿಲು ಆಗಷ್ಟೇ ತೆಗೆದಿದ್ದೆ. ಅವಳು ಕೂರಲಿಲ್ಲ.

“ಆ ಮಾತ್ರೆ ನಿಲ್ಲಿಸಿ ಅಂತ ಡಾಕ್ಟರಿಗೆ ಹೇಳಿ ಅಕ್ಕ. ಬೋರ್ಡ್ ಹತ್ರ ನಿಂತ್ಕೊಂಡು ತೂಕಡಿಸಿದೆ ನಾನು. ಆರನೇ ಕ್ಲಾಸ್ ಮಕ್ಕಳು ‘ಮಿಸ್ ನಿದ್ದೆ ಮಾಡ್ತಾವ್ರೆ’ ಅಂತ ಪಿಸಿಪಿಸಿ ನಗ್ತಾವೆ.”

“ನಿಮಗೆ ಗಾಬರಿ ಜಾಸ್ತಿ ಅಂತ…”

“ಯಾರಿಗೆ?” ಎಂದಳು. “ಮನೇಲಿ ಈಗ ಅದೇ ಮಾತು. ಅತ್ತೆ ಬಂದವರಿಗೆಲ್ಲ ಹೇಳ್ತಾರೆ, ಡಾಕ್ಟ್ರೇ ಬರ್ದವ್ರೆ, ಕೆಲ್ಸ ಮಾಡಂಗಿಲ್ಲ ಅಂತ. ನಮ್ಮೆಜಮಾನ್ರು ಕಾಂತರಾಜು ಮೊದಲು ನನ್ನ ಕಡೆಗೇ ಇದ್ರು. ಈಗ ಅವರೂ, ‘ಡಾಕ್ಟ್ರು ಹೇಳಿದ ಮೇಲೆ ಇನ್ನೇನು, ಸೋಮವಾರ ಬಂದು ಹೆಡ್‌ಮಾಸ್ಟರಿಗೆ ಹೇಳ್ಬಿಡ್ತೀನಿ’ ಅಂತಾರೆ. ಈ ಕೆಲಸಕ್ಕೆ ನಾನು ಎಷ್ಟು ಓಡಾಡಿದ್ದೀನಿ ಗೊತ್ತಾ ಅಕ್ಕ?”

“ಗುರುತು ಹಾಕಿದ್ದು ನೀವೇ ಅಲ್ಲವಾ ಮಿಸ್?”

ಅವಳು ಕಣ್ಣು ಅಗಲಿಸಿದಳು. “ಅತ್ತೆ ಹೇಳಿದ್ದು ಹಾಕಿದೆ. ಡಿ.ಎಡ್. ಓದುವಾಗ ನಮ್ಮನ್ನ ಮಕ್ಕಳ ಗಣತಿಗೆ ಕಳಿಸ್ತಿದ್ರು. ಮನೆ ಹಿರೀಕರು ಹೇಳ್ತಾರೆ, ನಾವು ಬರ್ಕೋತೀವಿ. ಮಕ್ಕಳನ್ನ ಯಾರು ಕೇಳ್ತಾರೆ? ಇದೂ ಹಂಗೇ ಆಸ್ಪತ್ರೆ ಲೆಕ್ಕಕ್ಕೆ ಏನೋ ಅಂದ್ಕೊಂಡೆ. ಹಿರಿಯರು ಹೇಳೋವಾಗ ‘ಇಲ್ಲ ಅತ್ತೆ, ನಿಮ್ಮದು ತಪ್ಪು’ ಅನ್ನೋಕಾಗುತ್ತಾ, ಅಷ್ಟು ಜನದ ಎದುರಿಗೆ?”

ನಾನು ಹೊಸ ಹಾಳೆ ಕೊಟ್ಟೆ. ನಿಂತೇ ತುಂಬಿದಳು. ಸುಸ್ತಿನಿಂದ ಒಂದೆರಡು ದಿನ ರೇಗಿದ್ದು ಬಿಟ್ಟರೆ ಉಳಿದದ್ದೆಲ್ಲ ‘ಇಲ್ಲವೇ ಇಲ್ಲ’. ಹೊರಡುವಾಗ ಹೇಳಿದಳು, “ಬೆಳಿಗ್ಗೆ ಆರೂವರೆಗೆ ಮನೆ ಬಿಟ್ರೆ ಸಂಜೆ ದೀಪ ಹಚ್ಚೋ ಹೊತ್ತಿಗೆ ಬರ್ತೀನಿ. ಕೂತು ಚಿಂತೆ ಮಾಡೋಕೆ ನನಗೆ ಟೈಮಾದ್ರೂ ಎಲ್ಲಿದೆ?”

ಅವಳು ಬಸ್‌ಸ್ಟ್ಯಾಂಡಿನ ಕಡೆ ಹೋದ ಮೇಲೆ ಹಳೆಯ ಹಾಳೆಯನ್ನು ಹುಡುಕಿ ತೆಗೆದು ಎರಡನ್ನೂ ಪಕ್ಕದಲ್ಲಿಟ್ಟುಕೊಂಡೆ. ದಿನವೆಲ್ಲ ಮನೆಯಲ್ಲೇ ಇಲ್ಲದವಳು ಜಗಲಿಯನ್ನು ಸವೆಸಿದ್ದು ಯಾವಾಗ? ಬಸ್ಸು ಹೊರಟ ತಕ್ಷಣ ಶುರುವಾಗುವುದು ಬಸ್ಸಿನೊಳಗೆ ಕೂತವರಿಗೋ, ರಸ್ತೆಯಲ್ಲಿ ನಿಂತು ನೋಡುವವರಿಗೋ? ಉತ್ತರಗಳು ಸುಳ್ಳಾಗಿರಲಿಲ್ಲ. ಎಸರಿನ ಮಾತು ಊಹೆ ಮಾಡಿ ಹೇಳುವಂಥದ್ದಲ್ಲ.

ಇಷ್ಟು ಹೊಳೆದ ಮೇಲೂ ಅವತ್ತು ಡಾಕ್ಟರಿಗೆ ಹೇಳಲಿಲ್ಲ. ನಾನು ಯಾರು ಇದನ್ನೆಲ್ಲ ತೀರ್ಮಾನ ಮಾಡಲು? ಹನ್ನೆರಡು ಬಂದವಳಿಗೆ ಎಲ್ಲರಲ್ಲೂ ದಿಗಿಲೇ ಕಾಣಬಹುದು. ನನ್ನದನ್ನು ನಂಜಮ್ಮನ ತಲೆಗೆ ಕಟ್ಟುತ್ತಿದ್ದೇನೆಯೋ ಏನೋ. ಸಂಜೆ ಸೊಪ್ಪು ಬಿಡಿಸುತ್ತ ಕೂತಿದ್ದ ಅಮ್ಮನಿಗೆ ಹೆಸರು ಹೇಳದೆ ವಿಷಯ ಹೇಳಿದೆ.

“ಡಾಕ್ಟರು ನೀನೋ ಅವರೋ?” ಎಂದಳು ಅಮ್ಮ. ಅವಳ ಹೆಸರು ಗೋದಮ್ಮ, ಮಾತು ಕಡಿಮೆ. ಇನ್ನೊಂದು ಕಟ್ಟು ಸೊಪ್ಪು ಬಿಡಿಸಿದ ಮೇಲೆ, “ಆ ಹುಡುಗಿ ಕೆಲಸ ಹೋದ್ರೆ ಯಾರು ವಾಪಸ್ ಕೊಡಿಸ್ತಾರೆ?” ಎಂದಳು.

ಮರುದಿನ ಡಾಕ್ಟರು ಕಾಫಿ ಕುಡಿಯುವಾಗ ಎರಡು ಹಾಳೆಗಳನ್ನೂ ಅವರ ಮುಂದಿಟ್ಟು, ಹೇಳಬೇಕಾದ್ದನ್ನು ತೊದಲುತ್ತ ಹೇಳಿದೆ. ಅವರು ಎರಡನ್ನೂ ಸಾಲುಸಾಲಾಗಿ ಹೋಲಿಸಿ ನೋಡಿದರು.

“ಪ್ರಶ್ನೆ ಸರಿಯಾಗೇ ಇತ್ತು. ನಾವು ಕೇಳಿದ್ದು ಯಾರನ್ನ ಅಂತ ನಾನೂ ನೋಡಲಿಲ್ಲ. ಒಳಗೆ ಬಂದಾಗಲೂ ಆಕೆಯೇ ಮಾತಾಡಿದರು, ನಾನು ಕೇಳಿಸಿಕೊಂಡು ಬರೆದೆ.” ಮಾತ್ರೆ ನಿಲ್ಲಿಸಲು ಆಗಲೇ ಅನುಶ್ರೀಗೆ ಫೋನು ಮಾಡಿಸಿದರು. ಶುಕ್ರವಾರ ಇಬ್ಬರೂ ಬರಲಿ ಎಂದರು. “ನಾನು ಕೇಳಿದ್ರೆ ನಂಜಮ್ಮ ಹೇಳಲ್ಲ. ನೀನೇ ಕೇಳು.”

“ನಾನಾ ಸರ್?”

“ಮತ್ತೆ?” ಎಂದು ಲೋಟ ಕೆಳಗಿಟ್ಟರು.

ಶುಕ್ರವಾರ ಬೆಳಿಗ್ಗೆ ಬೆಂಚಿನ ಮೇಲೆ ಅವರಿಬ್ಬರೇ ಇದ್ದರು. ಅನುಶ್ರೀ ಮೊದಲ ಪೀರಿಯಡ್ಡಿಗೆ ಪರ್ಮಿಷನ್ ಹಾಕಿ ಬಂದಿದ್ದಳು. ರಕ್ತ ಪರೀಕ್ಷೆಗೆ ಒಳಗೆ ಕರೆದಾಗ ನಂಜಮ್ಮನೂ ಎದ್ದರು.

“ನೀವು ಕೂತ್ಕೊಳ್ಳಿ ಅಮ್ಮ. ಒಂದು ತೊಟ್ಟು ರಕ್ತ ತೆಗೆಯೋದು ಅಷ್ಟೇ.”

ಕೂತರು. ಕಣ್ಣು ಮಾತ್ರ ಒಳಬಾಗಿಲ ಪರದೆಯ ಮೇಲೆ. ಬೆರಳು ಮೊಬೈಲಿನ ಗುಂಡಿಗಳನ್ನು ಸವರುತ್ತಿತ್ತು. ಮಾತಿಗೆ ಶುರು ಎಲ್ಲಿಂದ ಎಂದು ತಿಳಿಯದೆ, “ಯಾರ ಫೋನಿಗೆ ಕಾಯ್ತಿದ್ದೀರಿ?” ಎಂದೆ.

“ಈಗ ಯಾರ್ದೂ ಇಲ್ಲ ಕಣವ್ವ, ಇಲ್ಲೇ ಅವ್ಳಲ್ಲ. ದಿನಾ ಪಟ್ಣ ಮುಟ್ಟುದ್ ಮೇಲೆ ಒಂದ್ ಮಿಸ್ ಕಾಲ್ ಕೊಡ್ತಾಳೆ. ಎರಡ್ ಸಲ ಬಡ್ಕಂಡು ನಿಂತೋಯ್ತದೆ. ಎತ್ತಂಗಿಲ್ಲ.”

“ಬರದೇ ಇದ್ದರೆ?”

“ಬತ್ತದೆ. ಯಾವತ್ತೂ ತಪ್ಸಿಲ್ಲ. ಒಂದ್ ದಿನ ಅದೇನೋ ಟವರ್ ಸಿಗ್ಲಿಲ್ವಂತೆ. ಟಾರ್ ರೋಡಿಗೋಗಿ ನಿಂತಿದ್ದೆ. ನಮ್ಮೆಜಮಾನ್ರು ಚನ್ನಪ್ಪ ಬಂದು, ‘ಏನಮ್ಮೀ, ಬಸ್ಸ ನೀನೇ ಓಡುಸ್ತೀಯಾ?’ ಅಂತ ನಗಾಡುದ್ರು.”

“ಅವತ್ತು ಊಟ ಆಗಿತ್ತಾ?”

“ಯಾವೂಟ?”

ನಾನು ಹಾಳೆಯನ್ನು ಮೇಜಿನ ಮೇಲೆಳೆದುಕೊಂಡೆ. “ಅಮ್ಮ, ಈ ಸಲ ನಿಮ್ಮದು ಬರ್ಕೋತೀನಿ. ಎರಡು ಸಂತೆಯಿಂದ ಈಚೆಗೆ…”

“ನಂದ್ಯಾಕೆ? ನಾನೇನ್ ಕಾಯ್ಲೆಯೋಳಾ? ಜೊತ್ಗೆ ಬಂದಿರೋಳು ನಾನು.” ಮುಖ ಬಿಗಿಯಿತು. “ನಂಜಿಗೆ ತಲೆ ಕೆಟ್ಟದೆ ಅಂತ ಬರಿಯಕ್ಕಾ?”

“ಸೊಸೆಗೆ ಇದನ್ನೇ ಬರೆದಾಗ ಅವರ ತಲೆ ಕೆಟ್ಟಿದೆ ಅಂತ ಬರೆದಿದ್ದಾ ಅಮ್ಮ?”

ಹೇಳಿದ ತಕ್ಷಣ ಹೇಳಬಾರದಿತ್ತು ಅನ್ನಿಸಿತು. ನಂಜಮ್ಮ ಎದ್ದು ಹೋಗುತ್ತಾರೆ, ಡಾಕ್ಟರು ಇಟ್ಟ ನಂಬಿಕೆಯೂ ಹೋಗುತ್ತದೆ ಎಂದುಕೊಂಡೆ. ಅವರು ಏಳಲಿಲ್ಲ. ನಾನು ಬಾಯಿಗೆ ಬಂದದ್ದನ್ನು ಹೇಳಿದೆ.

“ನಂದೂ ಬರೆದು ನೋಡ್ಕೊಂಡಿದ್ದೀನಿ. ನನಗೆ ಹನ್ನೆರಡು ಬಂದಿದೆ.”

“ನಿಂಗಾ?” ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಫ್ಯಾನ್ ಕೆಳ್ಗೆ ಕುಂತಿರೋ ಅಯ್ನೋರ್ ಮನೆ ಮಗ್ಳು. ನಿಂಗೇನವ್ವ ಬಂದದೆ?”

“ಸಂಜೆ ಕ್ಲಿನಿಕ್ಕಿಗೆ ಬೀಗ ಹಾಕಿ ಹೊರಡ್ತೀನಿ. ಪೇಟೆ ಬೀದಿ ದಾಟೋ ಹೊತ್ತಿಗೆ ಹಾಕಿದೆನೋ ಇಲ್ಲವೋ ಅಂತ ಶುರುವಾಗುತ್ತೆ. ವಾಪಸ್ ಬಂದು ನೋಡ್ತೀನಿ.”

“ಆಕಿರ್ತೀಯಾ?”

“ಯಾವಾಗಲೂ ಹಾಕಿರ್ತೀನಿ.”

“ಗೊತ್ತಿದ್ರೂವೆ ಬತ್ತೀಯಾ?”

“ಬರ್ತೀನಿ.”

ನಂಜಮ್ಮ ನಗಲಿಲ್ಲ. ಪರದೆಯ ಕಡೆ ಇನ್ನೊಮ್ಮೆ ನೋಡಿ, ಬೆಂಚಿನಿಂದ ಎದ್ದು ಬಂದು ನನ್ನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ಅದು ರೋಗಿಗಳ ಸ್ಟೂಲು.

“ನೀನೇ ಬರಿ. ಅವ್ಳ್ ಕೈಲಿ ಓದುಸ್ಬೇಡ.”

ಒಂದೊಂದೇ ಕೇಳಿದೆ. ಅವತ್ತಿನ ಎಸರು, ಜಗಲಿ ಯಾವುದೂ ಬರಲಿಲ್ಲ. “ಊಂ”, “ದಿನಾ”, “ಆಗೀಗ”, ಅಷ್ಟೇ. ತನ್ನದನ್ನು ಹೇಳುವಾಗ ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ. ಕೊನೆಯ ಪ್ರಶ್ನೆಯನ್ನು ನಾನು ಬಾಯಿಬಿಟ್ಟು ಓದಲಿಲ್ಲ, ಅದರ ಮೇಲೆ ಬೆರಳಿಟ್ಟೆ. ಓದಲು ಬಾರದಿದ್ದರೂ ಅವರಿಗೆ ಯಾವುದೆಂದು ತಿಳಿಯಿತು.

“ಮೊದಲು ಯಾರಿಗಾದರೂ ಏನಾದರೂ ಆಗಿತ್ತಾ ಅಮ್ಮ? ದಾರಿಯಲ್ಲಿ, ಬಸ್ಸಲ್ಲಿ?”

“ಏನೂ ಆಗಿಲ್ಲ.” ಮೊಬೈಲನ್ನು ಸೆರಗಿನಿಂದ ಒರೆಸಿದರು. “ನಮ್ ಮನೇಲಿ ಯಾರ್ಗೂ ಏನೂ ಆಗಿಲ್ಲ. ಅದ್ಕೇಯ ಯಾರ್ ತಾವ್ಲೂ ಯೋಳ್ಕಳಕ್ಕಾಗದಿಲ್ಲ. ಏನಾರ ಆಗಿದ್ರೆ, ಇಂಗಾಯ್ತು ಕಣ್ರವ್ವ, ಅದ್ಕೇ ಇಂಗೆ ಅಂತ ಅತ್ಕಂಡು ಯೋಳ್ಬೋದಿತ್ತು. ಏನೂ ಆಗ್ದೆ ಅಳಾಳು ಯಾರು?”

ನಾನು ಕೊನೆಯ ಪ್ರಶ್ನೆಗೆ ಗುರುತು ಹಾಕಿದೆ.

“ಮದ್ಲು ಮಗ ಓಡಾಡುವಾಗ ಅವನ್ ಮ್ಯಾಲಿತ್ತು. ಈಗ ಇವ್ಳು. ನಾಳೀಕೆ ಇವ್ಳಿಗೊಂದು ಕೂಸಾದ್ರೆ ಅದ್ರ ಮ್ಯಾಲೆ ಬತ್ತದೆ. ಇವ್ಳು ಮನೇಲೇ ಇದ್ಬುಟ್ರೆ ಓಯ್ತದೇನೋ ಅನ್ಕಂಡೆ.” ನನ್ನ ಮುಖ ನೋಡಿದರು. “ಓಗದಿಲ್ಲ ಅಲ್ವಾ?”

“ನನಗೆ ಗೊತ್ತಿಲ್ಲ ಅಮ್ಮ. ಡಾಕ್ಟರನ್ನ ಕೇಳಬೇಕು. ನನಗೆ ಬೀಗ ನೋಡಿದ ಮೇಲೂ ಪೂರ್ತಿ ಹೋಗಲ್ಲ.”

ನಂಜಮ್ಮ ಪರದೆಯ ಕಡೆ ಕೈ ತೋರಿಸಿ, “ಆ ಮಾತ್ರೆ ಪಾಪ ಅವ್ಳ್ ನುಂಗುದ್ಲು. ತೂಕುಡುಸ್ಕಂಡು ಓಗಿ ಮಕ್ಳಿಗೆ ಪಾಠ ಯೋಳುದ್ಲು,” ಎಂದರು. ನಾನು ಒಟ್ಟು ಕೂಡಿಸಲಿಲ್ಲ. ಕೂಡಿಸುವುದು ಡಾಕ್ಟರ ಕೆಲಸ ಎಂದು ಬಿಟ್ಟೆ.

ಅನುಶ್ರೀ ಮೊಣಕೈ ಮಡಿಸಿ ಹತ್ತಿ ಹಿಡಿದುಕೊಂಡು ಹೊರಗೆ ಬಂದಳು. ಅತ್ತೆ ಸ್ಟೂಲಿನ ಮೇಲೆ ಕೂತಿರುವುದನ್ನು ನೋಡಿ ನಿಂತಳು.

“ಮುಗೀತು ಅತ್ತೆ. ಹೊರಡೋಣ್ವಾ? ನಿಮ್ಮನ್ನ ಹಳೇಕೋಟೆ ಬಸ್ಸಿಗೆ ಹತ್ತಿಸಿ ನಾನು…”

“ನೀ ಓಗು. ಪಟ್ಣದ್ ಬಸ್ಸು ಒಂಟೋಯ್ತದೆ, ಮಕ್ಳು ಕಾಯ್ತಿರ್ತವೆ.”

“ಮತ್ತೆ ನೀವು?”

“ನಂಗ್ ಕಾಲಿಲ್ವಾ, ಬಸ್ಸತ್ತಕ್ಕೆ?” ದೊಡ್ಡ ದನಿ ಮರಳಿತ್ತು. “ಕಾಂತಂಗೆ ಯೋಳ್ತೀನಿ. ಸೋಮಾರ ಎಲ್ಲೂ ಓಗದ್ ಬ್ಯಾಡ, ಅಂಗಡಿ ನೋಡ್ಕಂಡ್ ಬಿದ್ದಿರ್ಲಿ ಅಂತ.”

ಅನುಶ್ರೀ ನನ್ನನ್ನು ನೋಡಿದಳು. ನಾನು ಕ್ಯಾಲೆಂಡರ್ ನೋಡಿದೆ. ಅವಳು ಚೀಲ ಹೆಗಲಿಗೇರಿಸಿ ಚಪ್ಪಲಿ ಮೆಟ್ಟಿಕೊಳ್ಳುವಾಗ ನಂಜಮ್ಮ ಬಾಯಿ ತೆರೆದರು. ಅವರು ಹೇಳುವ ಮೊದಲೇ ಅವಳು, “ಕೊಡ್ತೀನಿ ಅತ್ತೆ, ಮುಟ್ಟಿದ ತಕ್ಷಣ,” ಎಂದು ಮೆಟ್ಟಿಲಿಳಿದಳು.

ನಂಜಮ್ಮ ಬಾಗಿಲವರೆಗೆ ಹೋಗಲಿಲ್ಲ. ಹೋಗದೆ ಇರುವುದು ಅವರಿಗೆ ಎಷ್ಟು ಕಷ್ಟವಾಗುತ್ತಿದೆ ಎಂದು ಸ್ಟೂಲಿನ ಕೆಳಗೆ ಒಂದರ ಮೇಲೊಂದು ಒತ್ತಿಕೊಂಡಿದ್ದ ಪಾದಗಳಿಂದ ಗೊತ್ತಾಗುತ್ತಿತ್ತು.

“ಈಗ ಆಯ್ತಾ ಅದೆ ನೋಡು,” ಎಂದರು ಮೆಲ್ಲಗೆ. “ಇಲ್ಲಿ. ಗಂಟ್ಲಿಂದ ಕೆಳ್ಗೆ.”

ನಾನು ಹಾಳೆಯ ಮೇಲ್ಗಡೆ, ಹೆಸರಿನ ಜಾಗದಲ್ಲಿ, ನಂಜಮ್ಮ, ಹಳೇಕೋಟೆ ಎಂದು ಬರೆದೆ. ಒಳಗೆ ಕರೆದುಕೊಂಡು ಹೋಗಿ ಡಾಕ್ಟರ ಮುಂದೆ ಹಾಳೆಯಿಟ್ಟೆ. ಅವರು ಕೈ ತೊಳೆದು ಬರುತ್ತಿದ್ದವರು, ಪ್ರತಿ ರೋಗಿಗೂ ಕೇಳುವುದನ್ನೇ ಅಭ್ಯಾಸಬಲದಿಂದ ಕೇಳಿದರು.

“ಬನ್ನಿ, ಕೂತ್ಕೊಳ್ಳಿ. ಜೊತೆಗೆ ಯಾರು ಬಂದಿದ್ದಾರೆ?”

ನಂಜಮ್ಮ ಒಮ್ಮೆ ಹಿಂದೆ ತಿರುಗಿ ಖಾಲಿ ಬೆಂಚು ನೋಡಿದರು.

“ಯಾರೂ ಇಲ್ಲ ಸಾ,” ಎಂದರು. “ನಾನೇ ಯೋಳ್ತೀನಿ.”